ಕಂಪನಿ ಜಮೀನು ಮಾರಾಟ, ಕೈಯಲ್ಲಿ ಶೇ. 24 ಷೇರು: ಎನ್‌ಸಿಎಲ್‌ಟಿಯಲ್ಲಿ ಆಸ್ತಿ ತಡೆ ಕೇಳುವುದು ಹೇಗೆ?

ಲೆಕ್ಕಪತ್ರ_ಧಾರವಾಡ (ಪ್ರಶ್ನೆ)

ಕಕ್ಷಿದಾರರೊಬ್ಬರ ಪರ ಕೇಳುತ್ತಿದ್ದೇನೆ, ಗುರುತು ಸಿಗದಂತೆ ವಿವರ ಸ್ವಲ್ಪ ಬದಲಿಸಿದ್ದೇನೆ. ಕುಟುಂಬದ ಪ್ರೈವೇಟ್ ಲಿಮಿಟೆಡ್ ಕಂಪನಿ, ನೋಂದಾಯಿತ ಕಚೇರಿ ಕರ್ನಾಟಕದಲ್ಲೇ. ಪಾವತಿಯಾದ ಬಂಡವಾಳ 1 ಕೋಟಿ, ಪೂರ್ತಿ ಈಕ್ವಿಟಿ. ಸದಸ್ಯರು 7 ಜನ. ನಮ್ಮವರದು ಶೇ. 24, ಆದರೆ ಬೋರ್ಡಿನಲ್ಲಿ ಇಲ್ಲ. ಉಳಿದ ಷೇರೆಲ್ಲ ಇಬ್ಬರು ನಿರ್ದೇಶಕರು ಮತ್ತು ಅವರ ಮನೆಯವರ ಕೈಯಲ್ಲಿ.

ಈಗ ಒಟ್ಟೊಟ್ಟಿಗೆ ಮೂರು ನಡೆಯುತ್ತಿವೆ. ಕಂಪನಿ ಹೆಸರಿನ 2 ಎಕರೆ 10 ಗುಂಟೆ ಪರಿವರ್ತಿತ ಜಮೀನನ್ನು ಒಬ್ಬ ನಿರ್ದೇಶಕರ ಭಾವಮೈದ ಪಾಲುದಾರರಾಗಿರುವ ಫರ್ಮಿಗೆ, ಮಾರ್ಗಸೂಚಿ ದರದ ಆಸುಪಾಸಿನಲ್ಲಿ ಕೊಡುವ ಮಾತುಕತೆ. 3 ಕೋಟಿಯ ರೈಟ್ಸ್ ಇಶ್ಯೂ (ಇರುವ ಷೇರುದಾರರಿಗೇ ಹೊಸ ಷೇರು ಕೊಳ್ಳಲು ಆಹ್ವಾನ) ಪತ್ರ; ನಮ್ಮವರ ಬಳಿ ಅಷ್ಟು ದುಡ್ಡಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು. ಮತ್ತೆ ಕಳೆದ ಎರಡು ಬ್ಯಾಲೆನ್ಸ್ ಶೀಟುಗಳಲ್ಲಿ ಸೋದರ ಕಂಪನಿಯೊಂದಕ್ಕೆ 1.4 ಕೋಟಿ ‘ಮುಂಗಡ’ ಹೋಗಿದೆ, ವಾಪಸ್ ಬಂದ ಲಕ್ಷಣವಿಲ್ಲ.

ಎನ್‌ಸಿಎಲ್‌ಟಿಯಲ್ಲಿ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ಕಂಪನಿ ಕಾಯ್ದೆಯ ಕಲಂ 241ರ, ಅಂದರೆ ದಬ್ಬಾಳಿಕೆ-ದುರಾಡಳಿತದ ವಿರುದ್ಧದ, ಪಿಟಿಷನ್ ಹಾಕುವುದು ಖಚಿತ. ಆದರೆ ಅದು ತೀರ್ಮಾನವಾಗುವ ಹೊತ್ತಿಗೆ ಕಂಪನಿಯಲ್ಲಿ ಬೋರ್ಡು ಮಾತ್ರ ಉಳಿದಿರುತ್ತದೆ, ಗೋಡೆಗೆ ನೇತುಹಾಕಿರುವ ಬೋರ್ಡು. ಕಂಪನಿಯ ಜಮೀನು, ಬ್ಯಾಂಕ್ ಖಾತೆ, ನಿರ್ದೇಶಕರ ಸ್ವಂತ ಆಸ್ತಿ ಮೂರನ್ನೂ ಒಂದೇ ಏಟಿಗೆ ಫ್ರೀಜ್ ಮಾಡಿಸಬಹುದೇ? ರೈಟ್ಸ್ ಇಶ್ಯೂದಲ್ಲಿ ಕೊಳ್ಳಲಾಗದೆ ಷೇರು ಶೇ. 6ಕ್ಕೆ ಇಳಿದರೆ ಪಿಟಿಷನ್ನೇ ಬಿದ್ದುಹೋಗುತ್ತದೆಯೇ? ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಬೇಗ ಸಿಗುತ್ತದೆ ಎನ್ನುವವರೂ ಇದ್ದಾರೆ. ಅನುಭವಸ್ಥರು ದಾರಿ ಹೇಳಿ.

---

ಪೀಠದ_ಹೊರಗೆ

ಕೊನೆಯದನ್ನು ಮೊದಲು ಮುಗಿಸೋಣ. ಸಿವಿಲ್ ಕೋರ್ಟಿಗೆ ಹೋಗಬೇಡಿ. ಎನ್‌ಸಿಎಲ್‌ಟಿ ತೀರ್ಮಾನಿಸಬಹುದಾದ ವಿಷಯವನ್ನು ಸಿವಿಲ್ ಕೋರ್ಟ್ ಮುಟ್ಟುವಂತಿಲ್ಲ ಎಂದು ಕಂಪನಿ ಕಾಯ್ದೆ 2013ರ ಕಲಂ 430 ಹೇಳುತ್ತದೆ, ತಡೆಯಾಜ್ಞೆಯನ್ನೂ ಸೇರಿಸಿ. ಅಲ್ಲಿ ಎರಡು ತಿಂಗಳು ಕಳೆದು ದಾವೆ ವಾಪಸಾದರೆ ಆ ಎರಡು ತಿಂಗಳಲ್ಲಿ ಕ್ರಯಪತ್ರ ಆಗಿಹೋಗಿರುತ್ತದೆ.

ನಿಮ್ಮ ಮುಖ್ಯ ಅಸ್ತ್ರ ಕಲಂ 242(4). ಪ್ರಕರಣದ ಯಾವುದೇ ಪಕ್ಷಗಾರರ ಅರ್ಜಿಯ ಮೇಲೆ, ‘ಕಂಪನಿಯ ವ್ಯವಹಾರದ ನಿರ್ವಹಣೆಯನ್ನು ನಿಯಂತ್ರಿಸಲು’ ನ್ಯಾಯಯುತವೆನಿಸುವ ಮಧ್ಯಂತರ ಆದೇಶ ಕೊಡಬಹುದು. ಮೂರು ಸಂಗತಿ ಗಮನಿಸಿ. ಪಿಟಿಷನ್ ದಾಖಲಾಗದೆ ಬರೀ ಮಧ್ಯಂತರ ಅರ್ಜಿ ನಿಲ್ಲದು. ಅಧಿಕಾರ ಇರುವುದು ಕಂಪನಿಯ ವ್ಯವಹಾರದ ಮೇಲೆ. ನಿರ್ದೇಶಕರ ಮನೆ, ಕಾರು, ಹೆಂಡತಿಯ ಲಾಕರ್ ತನಕ ಅದು ತಾನಾಗಿ ಚಾಚಿಕೊಳ್ಳುವುದಿಲ್ಲ. ಮತ್ತೆ, ಮುಖ್ಯ ಪಿಟಿಷನ್ನಿನಲ್ಲಿ ಕೇಳದ ಪರಿಹಾರವನ್ನು ಮಧ್ಯಂತರವಾಗಿ ಕೇಳಿದರೆ ಎದುರಿನವರು ಮೊದಲ ದಿನವೇ ಹಿಡಿಯುತ್ತಾರೆ.

ಆ ಮೂರನೆಯದಕ್ಕೇ ಕಲಂ 242(2)ನ್ನು ಉಪಕಲಂ ಸಮೇತ ಓದಿ ಪ್ರಾರ್ಥನೆ ಬರೆಯಿರಿ. ನಿರ್ದೇಶಕರೊಂದಿಗಿನ ಒಪ್ಪಂದ ರದ್ದು ಮಾಡುವುದು (ಇ) ಖಂಡ. ಹೊರಗಿನವರೊಂದಿಗಿನ ಒಪ್ಪಂದ ರದ್ದು ಮಾಡುವುದು (ಎಫ್) ಖಂಡ. ಇದರ ಕೆಳಗಿನ ಪರಂತುಕ (ಷರತ್ತಿನ ಸಾಲು) ಹಲವರ ಕಣ್ಣಿಗೆ ಬೀಳುವುದಿಲ್ಲ: ಆ ಹೊರಗಿನವರಿಗೆ ನೋಟಿಸ್ ಕೊಟ್ಟು, ಅವರ ಒಪ್ಪಿಗೆ ಪಡೆದ ಮೇಲೆ ಮಾತ್ರ ರದ್ದು. ಕೊಂಡವರು ತಮ್ಮ ಕ್ರಯ ರದ್ದಾಗಲಿ ಎಂದು ಒಪ್ಪಿಗೆ ಕೊಡುವುದುಂಟೇ? (ಜಿ) ಖಂಡದಡಿ ವಂಚನೆಯ ಆದ್ಯತಾ ವರ್ಗಾವಣೆ ರದ್ದು ಮಾಡಬಹುದು, ಆದರೆ ಅರ್ಜಿಯ ಹಿಂದಿನ 3 ತಿಂಗಳೊಳಗೆ ನಡೆದದ್ದಕ್ಕೆ ಮಾತ್ರ. ಹಾಗಾಗಿ ನಿಮ್ಮ ಆಟವೆಲ್ಲ ನೋಂದಣಿಗೆ ಮುಂಚೆಯೇ. ಕ್ರಯಪತ್ರವಾದ ಮೇಲೆ ‘ಎಲ್ಲ ಕೊನೆಯಲ್ಲಿ ಸರಿಮಾಡಬಹುದು’ ಅನ್ನುವ ವಾದಕ್ಕೆ ನೀವು ಈ ಪರಂತುಕವನ್ನೇ ತೋರಿಸಬೇಕು. ಭರಿಸಲಾಗದ ನಷ್ಟ ಎಂಬುದಕ್ಕೆ ಇದಕ್ಕಿಂತ ಗಟ್ಟಿ ವಾದ ಕಾಯ್ದೆಯಲ್ಲಿ ಇನ್ನೊಂದಿಲ್ಲ.

ಮೂರನ್ನೂ ಒಂದೇ ಏಟಿಗೆ ಎಂದಿರಿ. ಅದೇ ತಪ್ಪು. ‘ಕಂಪನಿಯ ಎಲ್ಲ ಆಸ್ತಿ, ಎಲ್ಲ ಖಾತೆ ಫ್ರೀಜ್ ಮಾಡಿ’ ಎಂದು ಕೇಳಿದವರಿಗೆ ಸಿಗುವುದು ಬರೀ ‘ಯಥಾಸ್ಥಿತಿ ಕಾಪಾಡಿ’ ಎಂಬ ಒಂದು ಸಾಲು. ಯಾವ ಸ್ಥಿತಿ, ಯಾವ ದಿನದ್ದು ಎಂದು ಬರೆಯದ ಯಥಾಸ್ಥಿತಿ ಆದೇಶವನ್ನು ಕಿಶೋರ್ ಕುಮಾರ್ ಖೈತಾನ್ ಪ್ರಕರಣದಲ್ಲಿ (2006) ಸುಪ್ರೀಂ ಕೋರ್ಟ್ ಟೀಕಿಸಿದೆ. ಅಂಥ ಆದೇಶ ಇಟ್ಟುಕೊಂಡು ಯಾರ ಮೇಲೂ ನಿಂದನೆ ಅರ್ಜಿ ಗೆಲ್ಲಲಾಗದು.

ಹೀಗೆ ಕೇಳಿ. ಒಂದು, ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿ ಸಮೇತ ಷೆಡ್ಯೂಲ್ ಹಾಕಿ, ಆ ಜಮೀನನ್ನು ಮಾರುವುದು, ಕರಾರು ಮಾಡುವುದು, ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಕೊಡುವುದು, ಗುತ್ತಿಗೆ ಕೊಡುವುದು, ಅಡಮಾನ ಇಡುವುದು, ಮೂಲ ಹಕ್ಕುಪತ್ರ ಠೇವಣಿ ಇಡುವುದು ಇವೆಲ್ಲಕ್ಕೂ ತಡೆ. ಎರಡು, ಈಗಾಗಲೇ ಮುಂಗಡ ಬಂದಿದ್ದರೆ ಅದರ ವಿವರವನ್ನು 7 ದಿನದಲ್ಲಿ ಅಫಿಡವಿಟ್ ಮೇಲೆ ಹೇಳಿಸುವುದು, ಆ ದುಡ್ಡನ್ನು ಪ್ರತ್ಯೇಕ ಖಾತೆಯಲ್ಲಿ ಇಡಿಸುವುದು. ಮೂರು, ಹೆಸರಿಸಿದ ಸೋದರ ಕಂಪನಿಗೆ ಇನ್ನು ಒಂದು ರೂಪಾಯಿಯೂ ಹೋಗಬಾರದು. ನಾಲ್ಕು, ರೈಟ್ಸ್ ಇಶ್ಯೂ. ಅದರ ಬಗ್ಗೆ ಸಿಎಸ್ (ಕಂಪನಿ ಕಾರ್ಯದರ್ಶಿ) ಯಾರಾದರೂ ಹೇಳಲಿ.

---

ಸಿಎಸ್_ವಿದ್ಯಾನಗರ

ಹೇಳುತ್ತೇನೆ. ಶೇ. 6ರ ಭಯ ಬಿಡಿ. ಕಲಂ 244ರಲ್ಲಿ ಬಂಡವಾಳದ ಹತ್ತನೇ ಒಂದು ಭಾಗ ಎನ್ನುವುದು ಒಂದು ದಾರಿ ಮಾತ್ರ. ಇನ್ನೊಂದು ದಾರಿ ತಲೆ ಎಣಿಕೆ: 100 ಸದಸ್ಯರು ಅಥವಾ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ, ಯಾವುದು ಕಡಿಮೆಯೋ ಅದು. 7 ಸದಸ್ಯರ ಕಂಪನಿಯಲ್ಲಿ ಒಬ್ಬರೇ ಸಾಕು, ಒಂದೇ ಷೇರಿದ್ದರೂ ಸಾಕು. ಕರೆ ಹಣ (ಷೇರಿಗೆ ಕಂಪನಿ ಕೇಳಿದ ಕಂತು) ಬಾಕಿ ಇರಬಾರದು, ಅಷ್ಟೇ. ಜೊತೆಗೆ, ಪಿಟಿಷನ್ ಹಾಕುವ ದಿನ ಅರ್ಹತೆ ಇದ್ದರೆ ಆಮೇಲೆ ಕಳೆದುಕೊಂಡರೂ ಪಿಟಿಷನ್ ಬೀಳುವುದಿಲ್ಲ ಎಂಬುದು 1956ರ ರಾಜಮಂಡ್ರಿ ಎಲೆಕ್ಟ್ರಿಕ್ ಸಪ್ಲೈ ತೀರ್ಪಿನಿಂದಲೇ ನಿಂತಿರುವ ಮಾತು.

ಆದರೆ ಕಿಲಾಡಿಗಳು ಇದನ್ನೂ ಬಲ್ಲರು. ನೌಕರರಿಗೆ, ನೆಂಟರಿಗೆ ಒಂದೊಂದು ಷೇರು ವರ್ಗಾಯಿಸಿ ಸದಸ್ಯರ ಸಂಖ್ಯೆಯನ್ನು 40ಕ್ಕೆ ಏರಿಸಿದರೆ ಹತ್ತನೇ ಒಂದು ಭಾಗ 4 ಜನ ಆಗುತ್ತದೆ. ಇತ್ತ ಬಂಡವಾಳದ ಲೆಕ್ಕದಲ್ಲೂ ಶೇ. 6. ಆಗ ಕಲಂ 244ರ ಪರಂತುಕದಡಿ ವಿನಾಯಿತಿ ಬೇಡಬೇಕು, ಅದು ಪ್ರತ್ಯೇಕ ಯುದ್ಧ. ಟಾಟಾ ಸನ್ಸ್ ವ್ಯಾಜ್ಯದಲ್ಲಿ ಈಕ್ವಿಟಿಯಲ್ಲಿ ಶೇ. 18 ದಾಟಿದ್ದವರೂ ಪ್ರಿಫರೆನ್ಸ್ ಷೇರು ಸೇರಿಸಿ ಎಣಿಸಿದಾಗ ಶೇ. 10ಕ್ಕಿಂತ ಕೆಳಗಿಳಿದು 2017ರಲ್ಲಿ ವಿನಾಯಿತಿಗೆ ಎನ್‌ಸಿಎಲ್‌ಎಟಿ (ಮೇಲ್ಮನವಿ ನ್ಯಾಯಮಂಡಳಿ) ತನಕ ಹೋಗಬೇಕಾಯಿತು. ಹಾಗಾಗಿ ಹಂಚಿಕೆಗೆ ತಡೆ ಕೇಳುವಾಗ ಷೇರು ವರ್ಗಾವಣೆ ನೋಂದಣಿಗೂ ತಡೆ ಕೇಳಿ.

ರೈಟ್ಸ್ ಇಶ್ಯೂ ಪತ್ರವನ್ನು ಕಲಂ 62 ಮುಂದಿಟ್ಟುಕೊಂಡು ಪರೀಕ್ಷಿಸಿ. ಆಫರ್ ತೆರೆದಿರಬೇಕಾದದ್ದು ಕನಿಷ್ಠ 7 ದಿನ, ಗರಿಷ್ಠ 30. ತೆರೆಯುವ ಕನಿಷ್ಠ 3 ದಿನ ಮುಂಚೆ ಪತ್ರ ಹೊರಟಿರಬೇಕು. ಪ್ರೈವೇಟ್ ಕಂಪನಿಯಲ್ಲಿ ಈ ಅವಧಿ ಮೊಟಕು ಮಾಡಲು ಶೇ. 90 ಸದಸ್ಯರ ಒಪ್ಪಿಗೆ ಬೇಕು. ಏಳರಲ್ಲಿ ಆರು ಜನ ಎಂದರೆ ಶೇ. 85.7, ನಿಮ್ಮವರ ಸಹಿ ಇಲ್ಲದೆ ಅದು ಆಗದು. ಲಕೋಟೆ ಎಸೆಯಬೇಡಿ, ಅಂಚೆ ಮುದ್ರೆಯ ದಿನಾಂಕವೇ ಸಾಕ್ಷಿ.

ಹಂಚಿಕೆಗೆ ಪೂರ್ತಿ ತಡೆ ಸಿಗುವುದು ಕಷ್ಟ. ಕಂಪನಿಗೆ ದುಡ್ಡು ನಿಜಕ್ಕೂ ಬೇಕಿದ್ದರೆ ಪೀಠ ಅದನ್ನು ಕಟ್ಟಿಹಾಕುವುದಿಲ್ಲ. ಅದಕ್ಕೇ ಮೆಟ್ಟಿಲು ಮೆಟ್ಟಿಲಾಗಿ ಕೇಳಿ. ಮೊದಲು ಹಂಚಿಕೆಗೆ ತಡೆ. ಅದಿಲ್ಲದಿದ್ದರೆ ನಿಮ್ಮವರ ಪಾಲಿನ 72 ಲಕ್ಷದ ಷೇರುಗಳನ್ನು ಬೇರೆಯವರಿಗೆ ಕೊಡದೆ ಮೀಸಲಿಡುವುದು. ಅದೂ ಇಲ್ಲದಿದ್ದರೆ ಹೊಸ ಷೇರುಗಳ ಮೇಲೆ ಮತ ಚಲಾಯಿಸದಂತೆ, ಹಂಚಿಕೆ ಅಂತಿಮ ತೀರ್ಪಿಗೆ ಬದ್ಧವೆಂದು ಬರೆಸುವುದು. ನಿಯಂತ್ರಣ ಹಿಡಿಯಲೆಂದೇ ಮಾಡಿದ ಹಂಚಿಕೆ ನಿಲ್ಲದು ಎನ್ನಲು ಡೇಲ್ ಅಂಡ್ ಕ್ಯಾರಿಂಗ್ಟನ್ (2005) ಇದೆ. ಆದರೆ ಅದಕ್ಕೆ ‘ದುಡ್ಡಿನ ಅಗತ್ಯವೇ ಇರಲಿಲ್ಲ’ ಎಂದು ತೋರಿಸಬೇಕು. ಸೋದರ ಕಂಪನಿಯಲ್ಲಿ 1.4 ಕೋಟಿ ಬಿಟ್ಟು ಕೂತವರು 3 ಕೋಟಿ ಬಂಡವಾಳ ಕೇಳುತ್ತಿರುವುದೇ ನಿಮ್ಮ ಅತ್ಯುತ್ತಮ ಪ್ಯಾರಾ. ಅದನ್ನು ಪುಟ 40ರಲ್ಲಿ ಹೂಳಬೇಡಿ.

ಇನ್ನೆರಡು ಬಲೆಗಳು. ‘ಜಮೀನು ಮಾರಲು ಕಲಂ 180ರ ವಿಶೇಷ ನಿರ್ಣಯ ಬೇಕಿತ್ತು’ ಎಂದು ಕಣ್ಣುಮುಚ್ಚಿ ಬರೆಯಬೇಡಿ. 2015ರ ಜೂನ್ 5ರ ಅಧಿಸೂಚನೆಯಿಂದ ಪ್ರೈವೇಟ್ ಕಂಪನಿಗಳಿಗೆ ಆ ಕಲಂನಿಂದ ವಿನಾಯಿತಿ. ಆದರೆ 2017ರ ಜೂನ್ 13ರ ತಿದ್ದುಪಡಿ ಪ್ರಕಾರ ಎಒಸಿ-4 (ಹಣಕಾಸು ಪಟ್ಟಿ) ಅಥವಾ ಎಂಜಿಟಿ-7 (ವಾರ್ಷಿಕ ರಿಟರ್ನ್) ಸಲ್ಲಿಕೆ ಬಾಕಿ ಇದ್ದರೆ ವಿನಾಯಿತಿ ಇಲ್ಲ. ಕಂಪನಿ ವ್ಯವಹಾರಗಳ ಸಚಿವಾಲಯದ (ಎಂಸಿಎ) ಪೋರ್ಟಲ್‌ನಲ್ಲಿ ನೋಡಿ. ಬಾಕಿ ಇದ್ದರೂ ಅವರ ಶೇ. 76 ನಿಮ್ಮ ಶೇ. 24ರ ಮೂರು ಪಟ್ಟು ದಾಟುವುದರಿಂದ ನಿರ್ಣಯ ಪಾಸಾಗುತ್ತದೆ. ಲಾಭ ಇಷ್ಟೇ: ಸಭೆಗೆ 21 ದಿನದ ನೋಟಿಸ್ ಬೇಕು, ಆ 21 ದಿನ ನಿಮ್ಮದು. ಆ ಕಲಂ ಹೇಳುವುದು ‘ಉದ್ಯಮ’ದ ಮಾರಾಟದ ಬಗ್ಗೆ; ಖಾಲಿ ಜಮೀನು ‘ಉದ್ಯಮ’ ಆಗುತ್ತದೆಯೇ ಎಂಬುದು ಬೇರೆ ತಕರಾರು.

ಎರಡನೆಯದು ಭಾವಮೈದ. ಕಲಂ 2(77) ಮತ್ತು ಅದರ ನಿಯಮದಲ್ಲಿ ‘ಸಂಬಂಧಿ’ ಎಂದರೆ ಗಂಡ-ಹೆಂಡತಿ, ತಂದೆ, ತಾಯಿ, ಮಗ, ಸೊಸೆ, ಮಗಳು, ಅಳಿಯ, ಅಣ್ಣತಮ್ಮ, ಅಕ್ಕತಂಗಿ, ಹಿಂದೂ ಅವಿಭಕ್ತ ಕುಟುಂಬದ ಸದಸ್ಯರು. ಹೆಂಡತಿಯ ತಮ್ಮ ಅದರಲ್ಲಿಲ್ಲ. ಆದ್ದರಿಂದ ಸಂಬಂಧಿತ ಪಕ್ಷಗಾರರ ವ್ಯವಹಾರದ ಕಲಂ 188ರ ಮೇಲೆ ಕಟ್ಟಿದ ಮನೆ ಕುಸಿಯಬಹುದು. ಫರ್ಮಿನ ಪಾಲುದಾರಿಕೆ ಪತ್ರದ ಪ್ರತಿ ಸಂಪಾದಿಸಿ. ನಿರ್ದೇಶಕರ ಹೆಂಡತಿಯೂ ಪಾಲುದಾರಳಾಗಿದ್ದರೆ ಕಥೆ ಬೇರೆ. ಇಲ್ಲದಿದ್ದರೆ ಕಲಂ 166ರ ನಿರ್ದೇಶಕರ ಕರ್ತವ್ಯ ಮತ್ತು ಬೆಲೆಯ ಅಂತರದ ಮೇಲೆ ನಿಲ್ಲಿ. ಬೆಲೆಗೆ ಕಲಂ 247ರ ನೋಂದಾಯಿತ ಮೌಲ್ಯಮಾಪಕರ ವರದಿ ಬೇಕು, ಬ್ರೋಕರ್ ಬರೆದ ಚೀಟಿಯಲ್ಲ.

---

ಲೆಕ್ಕಪತ್ರ_ಧಾರವಾಡ

ತಲೆ ಎಣಿಕೆಯ ವಿಷಯ ನಿಜಕ್ಕೂ ಹೊಳೆದಿರಲಿಲ್ಲ. ಭಾವಮೈದನ ವಿಷಯವೂ. ಇನ್ನೆರಡು ಕೇಳುತ್ತೇನೆ. ಕಂಪನಿಯ ಕರೆಂಟ್ ಅಕೌಂಟ್ ಪೂರ್ತಿ ನಿಲ್ಲಿಸಿದರೆ ಅವರು ದಾರಿಗೆ ಬರುತ್ತಾರೆ ಎಂಬುದು ನಮ್ಮವರ ಹಟ. ಮತ್ತೆ ಆ 1.4 ಕೋಟಿ ಅಂತಿಮವಾಗಿ ನಿರ್ದೇಶಕರ ಹೆಸರಿನ ಫ್ಲ್ಯಾಟಿಗೆ ಹೋಗಿದೆ ಎಂಬ ಬಲವಾದ ಅನುಮಾನ. ಆ ಫ್ಲ್ಯಾಟ್ ತಡೆಯಬಹುದೇ? ಕಲಂ 221 ಅಂತ ಒಬ್ಬರು ಹೇಳಿದರು.

---

ತಾಳೆಪಟ್ಟಿ

ಖಾತೆ ಪೂರ್ತಿ ನಿಲ್ಲಿಸುವ ಹಟವನ್ನು ಇಂದೇ ಬಿಡಿಸಿ. ತಿಂಗಳ ಕ್ಯಾಲೆಂಡರ್ ನೋಡಿ: 7ರೊಳಗೆ ಸಂಬಳ ಮತ್ತು ಟಿಡಿಎಸ್, 15ಕ್ಕೆ ಪಿಎಫ್ ಮತ್ತು ಇಎಸ್ಐ, 20ಕ್ಕೆ ಜಿಎಸ್‌ಟಿ, ನಡುವೆ ಕರೆಂಟ್ ಬಿಲ್ಲು, ಬ್ಯಾಂಕಿನ ಕಂತು. ಖಾತೆ ನಿಂತರೆ ಇವೆಲ್ಲ ಬೌನ್ಸ್. ಕಂತು 90 ದಿನ ನಿಂತರೆ ಸಾಲ ಎನ್‌ಪಿಎ. ಕಂಪನಿಯಿಂದ 1 ಕೋಟಿ ಅಥವಾ ಹೆಚ್ಚು ಬಾಕಿ ಬರಬೇಕಿರುವ ಯಾವುದೇ ಸಾಲದಾತ ದಿವಾಳಿ ಸಂಹಿತೆಯಡಿ ಅರ್ಜಿ ಹಾಕಬಹುದು. ಅದು ಅಂಗೀಕಾರವಾದರೆ ಆ ಸಂಹಿತೆಯ ಕಲಂ 14ರ ಮೊರಟೋರಿಯಂ (ಕಂಪನಿಯ ವಿರುದ್ಧದ ಕ್ರಮಗಳಿಗೆ ತಡೆ) ಬರುತ್ತದೆ, ಆಡಳಿತ ಬೇರೆಯವರ ಕೈಗೆ ಹೋಗುತ್ತದೆ, ನಿಮ್ಮ 241ರ ಪಿಟಿಷನ್ ಮೂಲೆಗೆ ಬೀಳುತ್ತದೆ. ಈಕ್ವಿಟಿ ಷೇರುದಾರ ಸಾಲಿನಲ್ಲಿ ಕಟ್ಟಕಡೆಯವನು. ಶೇ. 24 ಷೇರಿನ ಬೆಲೆ ಸೊನ್ನೆಯಾದರೆ ಗೆದ್ದದ್ದು ಯಾರು?

ಪೀಠವೂ ಇದನ್ನೇ ಕೇಳುತ್ತದೆ. ಅದಕ್ಕೆ ಹೊರಗಿಡುವ ಪಟ್ಟಿಯನ್ನು ನೀವೇ ಬರೆದುಕೊಂಡು ಹೋಗಿ, ಎದುರಿನವರು ಕೇಳುವ ತನಕ ಕಾಯಬೇಡಿ. ಸಂಬಳ, ಶಾಸನಬದ್ಧ ಪಾವತಿ, ಬ್ಯಾಂಕ್ ಕಂತು, ಕಚ್ಚಾಮಾಲು, ವಿದ್ಯುತ್ ಇವುಗಳಿಗೆ ಅಡ್ಡಿಯಿಲ್ಲ. ಇದರ ಹೊರಗಿನ 5 ಲಕ್ಷ ಮೀರಿದ ಪ್ರತಿ ಪಾವತಿಗೆ ಅರ್ಜಿದಾರರಿಗೆ 7 ದಿನ ಮುಂಚಿತ ಇಮೇಲ್. ಹೆಸರಿಸಿದ ಸಂಬಂಧಪಟ್ಟ ಪಕ್ಷಗಾರರಿಗೆ ಶೂನ್ಯ ಪಾವತಿ. ಪ್ರತಿ ತಿಂಗಳ 10ರೊಳಗೆ ಹಿಂದಿನ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. 5 ಲಕ್ಷ ಎನ್ನುವುದು ಗಾಳಿಯಲ್ಲಿ ಹಿಡಿದ ಅಂಕಿ ಆಗಬಾರದು. ಕಳೆದ ವರ್ಷದ ಖರ್ಚು ನೋಡಿ, ಮಾಮೂಲಿ ಖರೀದಿ ಅದರ ಕೆಳಗೆ ಬರುವಂತೆ ಮಿತಿ ಇಡಿ.

ಕಂಪನಿಗೆ ಸಾಲ ಕೊಟ್ಟ ಬ್ಯಾಂಕಿನ ಮೊದಲಿನ ಅಡಮಾನದ ಹಕ್ಕನ್ನು ನಿಮ್ಮ ತಡೆ ಮುಟ್ಟುವುದಿಲ್ಲ ಎಂದು ನೀವೇ ಬರೆಯಿರಿ. ಬ್ಯಾಂಕ್ ಎದುರಾಳಿಯಾಗಿ ಬಂದು ಕೂತರೆ ನಿಮ್ಮ ಅರ್ಜಿ ಅಂದೇ ಅರ್ಧ ಸೋತಂತೆ.

---

ಪೀಠದ_ಹೊರಗೆ

ಫ್ಲ್ಯಾಟ್ ವಿಷಯ. ಕಲಂ 221 ಆಕರ್ಷಕವಾಗಿ ಕಾಣುತ್ತದೆ. ಕಲಂ 244ರಷ್ಟು ಸದಸ್ಯರು ಅಥವಾ ಕಂಪನಿಯಿಂದ 1 ಲಕ್ಷ ಬಾಕಿ ಬರಬೇಕಿರುವ ಸಾಲದಾತ ದೂರಿದರೆ, ಕಂಪನಿಯ ನಿಧಿ, ಆಸ್ತಿ ಸಾಗಿಸುವುದನ್ನು 3 ವರ್ಷದ ತನಕ ತಡೆಯಬಹುದು. ಉಲ್ಲಂಘನೆಗೆ ಕಂಪನಿಗೆ 1 ಲಕ್ಷದಿಂದ 25 ಲಕ್ಷ ದಂಡ, ತಪ್ಪಿತಸ್ಥ ಅಧಿಕಾರಿಗೆ 3 ವರ್ಷದ ತನಕ ಸೆರೆ. ಆದರೆ ಮತ್ತೆ ಓದಿ: ಕಂಪನಿಯ ಆಸ್ತಿ. ನಿರ್ದೇಶಕರ ಫ್ಲ್ಯಾಟ್ ಕಂಪನಿಯ ಆಸ್ತಿಯಲ್ಲ.

ಸ್ವಂತ ಆಸ್ತಿಗೆ ದಾರಿ ಕಲಂ 246. ಅದು ಸಮಾಪನದ (ಕಂಪನಿ ಮುಚ್ಚುವಿಕೆಯ) 337ರಿಂದ 341ರ ಕಲಂಗಳನ್ನು 241ರ ಅರ್ಜಿಗೂ ಅನ್ವಯಿಸುತ್ತದೆ. ಅದರಲ್ಲಿ 339 ಎಂದರೆ ವಂಚನೆಯ ಉದ್ದೇಶದಿಂದ ವ್ಯವಹಾರ ನಡೆಸಿದವರ ಸ್ವಂತ ಹೊಣೆ, 340 ಎಂದರೆ ನಿರ್ದೇಶಕರಿಂದ ವಸೂಲಿ. ಇದರ ಜೊತೆ 242(2)(ಐ), ಅಂದರೆ ನಿರ್ದೇಶಕ ಗಳಿಸಿದ ಅನುಚಿತ ಲಾಭದ ವಸೂಲಿಯನ್ನು ಮುಖ್ಯ ಪ್ರಾರ್ಥನೆಯಾಗಿ ಹಾಕಿ. ಆಗ ಫ್ಲ್ಯಾಟ್ ಮೇಲಿನ ತಡೆ ಆ ವಸೂಲಿಯ ಭದ್ರತೆ ಎಂದು ವಾದಿಸಬಹುದು.

ಮಿತಿ ಎಲ್ಲಿದೆ ಎಂಬುದಕ್ಕೆ ಉಷಾ ಅನಂತಸುಬ್ರಮಣಿಯನ್ ಪ್ರಕರಣ (ಸುಪ್ರೀಂ ಕೋರ್ಟ್, ಫೆಬ್ರವರಿ 2020) ಓದಲೇಬೇಕು. ನೀರವ್ ಮೋದಿ ಹಗರಣಕ್ಕೆ ಸೇರಿದ ಕಂಪನಿಗಳ ವಿರುದ್ಧದ 241ರ ಪ್ರಕರಣದಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮಾಜಿ ಮುಖ್ಯಸ್ಥರ ಆಸ್ತಿ ತಡೆಹಿಡಿಯಲಾಗಿತ್ತು. 337 ಮತ್ತು 339 ಯಾವ ಕಂಪನಿಯ ದುರಾಡಳಿತ ಪ್ರಶ್ನೆಯಲ್ಲಿದೆಯೋ ಆ ಕಂಪನಿಯ ಜನರಿಗೆ ಮಾತ್ರ, ಬೇರೆ ಸಂಸ್ಥೆಯ ಮುಖ್ಯಸ್ಥರನ್ನು ಅದರಡಿ ಎಳೆಯಲಾಗದು ಎಂದು ಕೋರ್ಟ್ ಆ ತಡೆ ತೆಗೆಯಿತು. ನಿಮ್ಮ ಪ್ರಕರಣದಲ್ಲಿ ನಿರ್ದೇಶಕರು ಆ ಕಂಪನಿಯವರೇ, ಆದ್ದರಿಂದ ದಾರಿ ಇದೆ. ಸೋದರ ಕಂಪನಿಯಲ್ಲಿ ಮಾತ್ರ ಇರುವವರಿಗೆ ಅದು ಚಾಚದು.

‘ಬಲವಾದ ಅನುಮಾನ’ ಸಾಲದು. ಕಂಪನಿ ಖಾತೆಯಿಂದ ಹೊರಟ ದಿನ, ಸೋದರ ಕಂಪನಿಗೆ ಬಂದ ದಿನ, ಅಲ್ಲಿಂದ ಹೊರಟ ದಿನ, ಫ್ಲ್ಯಾಟಿನ ಕ್ರಯಪತ್ರದ ದಿನ, ಈ ನಾಲ್ಕು ಒಂದರ ಕೆಳಗೊಂದು ನಿಲ್ಲಬೇಕು. ಮಧ್ಯದ ಎರಡು ನಿಮ್ಮ ಕೈಯಲ್ಲಿಲ್ಲ. ಅದಕ್ಕೇ ಫ್ಲ್ಯಾಟ್ ತಡೆಗಿಂತ ಮೊದಲು ಸೋದರ ಕಂಪನಿಯ ಲೆಡ್ಜರ್ ಮತ್ತು ಆಸ್ತಿ ವಿವರದ ಅಫಿಡವಿಟ್ ಸಲ್ಲಿಸಲು ನಿರ್ದೇಶನ ಕೇಳಿ. ಅದು ಬಂದ ಮೇಲೆ ಎರಡನೇ ಅರ್ಜಿ. ಭದ್ರತೆಯಿಲ್ಲದ ಬಾಕಿಯನ್ನು ಭದ್ರತೆಯ ಸಾಲವಾಗಿ ಮಾರ್ಪಡಿಸುವ ಸಾಧನ ಇದಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 38 ನಿಯಮ 5ರ ಬಗ್ಗೆ ರಾಮನ್ ಟೆಕ್ (2008) ಹೇಳಿದ್ದು ಇಲ್ಲೂ ಎದುರಿನವರ ಬಾಯಲ್ಲಿ ಬಂದೇ ಬರುತ್ತದೆ.

---

ಎದುರು_ಪಕ್ಷ

221ನ್ನು ಇಷ್ಟು ಬೇಗ ಬದಿಗಿಡಬೇಡಿ ಸರ್. ಜಮೀನಿಗೆ ಅದು ನೇರ ಹೊಂದುತ್ತದೆ. ಶೀರ್ಷಿಕೆಯಲ್ಲಿ ‘ವಿಚಾರಣೆ ಮತ್ತು ತನಿಖೆ’ ಎಂದಿರುವುದರಿಂದ ತನಿಖೆ ಇಲ್ಲದೆ ಬಳಸುವಂತಿಲ್ಲ ಎಂಬ ಆಕ್ಷೇಪ ಬರುತ್ತದೆ, ನಿಜ. ಒಳಗಿನ ಪಠ್ಯದಲ್ಲಿ ‘ಅಥವಾ’ ಇದೆ. 242(4)ರ ಜೊತೆ ಪರ್ಯಾಯವಾಗಿ ಬರೆದರೆ ನಷ್ಟವೇನಿಲ್ಲ, ಉಲ್ಲಂಘನೆಗೆ ಸೆರೆಯ ಹೆದರಿಕೆ ಬೋನಸ್.

ಷೇರುದಾರರ ಒಪ್ಪಂದ ಇದೆಯೇ ಎಂದು ಯಾರೂ ಕೇಳಲಿಲ್ಲ. ‘ಸ್ಥಿರಾಸ್ತಿ ಮಾರಲು ಎಲ್ಲರ ಒಪ್ಪಿಗೆ ಬೇಕು’ ಎಂಬ ಷರತ್ತು ಒಪ್ಪಂದದಲ್ಲಿದ್ದು ಕಂಪನಿಯ ನಿಯಮಾವಳಿಯಾದ ಆರ್ಟಿಕಲ್ಸ್‌ನಲ್ಲಿ ಇಲ್ಲದಿದ್ದರೆ, ಕಂಪನಿ ಅದಕ್ಕೆ ಬದ್ಧವಲ್ಲ ಎನ್ನಲು ರಂಗರಾಜ್ ತೀರ್ಪು (1992) ಎದುರು ಬರುತ್ತದೆ. ಆಗ ಒಪ್ಪಂದದಲ್ಲಿ ಮಧ್ಯಸ್ಥಿಕೆ ಷರತ್ತಿದ್ದರೆ ಮಧ್ಯಸ್ಥಿಕೆ ಕಾಯ್ದೆಯ ಕಲಂ 9ರಡಿ ಕೋರ್ಟಿಗೆ ಮಧ್ಯಂತರ ತಡೆಯ ಅರ್ಜಿ ಚುರುಕಾದ ದಾರಿ. ಆದೇಶ ಬಂದ 90 ದಿನದೊಳಗೆ ಮಧ್ಯಸ್ಥಿಕೆ ಶುರುವಾಗಲೇಬೇಕು. ಎರಡೂ ಕಡೆ ಒಂದೇ ಪರಿಹಾರ ಕೇಳಿದರೆ ಎರಡೂ ಕಡೆ ಬೈಗುಳ.

ಬಹುಮತದವರ ಪರ ಕೂತವರು ಏನು ಹುಡುಕುತ್ತಾರೆ ಎಂಬುದನ್ನೂ ಹೇಳಿಬಿಡುತ್ತೇನೆ. ಮೊದಲು ದಿನಾಂಕ. ಮಾರಾಟದ ಸುಳಿವು ವಾರ್ಷಿಕ ಸಭೆಯಲ್ಲೇ ಸಿಕ್ಕಿದ್ದು ಎಂಟು ತಿಂಗಳು ಸುಮ್ಮನಿದ್ದರೆ ‘ತುರ್ತು’ ಎಂಬ ಪದ ಸತ್ತಂತೆ. ಎರಡನೆಯದು ಮುಚ್ಚಿಟ್ಟದ್ದು. ಅರ್ಜಿದಾರರು ಹಿಂದೆ ಸಹಿ ಹಾಕಿದ ನಿರ್ಣಯ, ಪಡೆದ ಲಾಭಾಂಶ, ಪ್ರತಿಸ್ಪರ್ಧಿ ವ್ಯವಹಾರ ಯಾವುದನ್ನು ಬಿಟ್ಟಿದ್ದರೂ ಏಕಪಕ್ಷೀಯ ಆದೇಶ ತೆರವಾಗಲು ಅದೊಂದೇ ಸಾಕು. ಕೆಟ್ಟದ್ದನ್ನು ನೀವೇ ಹೇಳಿ, ನಿಮ್ಮ ವಿವರಣೆಯ ಜೊತೆ. ಮೂರನೆಯದು ಕೇವಿಯಟ್, ಅಂದರೆ ತಮ್ಮನ್ನು ಕೇಳದೆ ಆದೇಶ ಕೊಡಬೇಡಿ ಎಂಬ ಮುಂಚಿತ ಅರ್ಜಿ: ಅವರು ಹಾಕಿದ್ದರೆ 90 ದಿನ ಜೀವಂತ, ಏಕಪಕ್ಷೀಯ ಆದೇಶದ ಆಸೆ ಬಿಡಿ, ಪ್ರತಿ ಕೊಟ್ಟೇ ಹೋಗಿ.

ಮೊದಲ ದಿನ ಅವರ ವಕೀಲರು ಎದ್ದು ‘ಮುಂದಿನ ವಿಚಾರಣೆ ತನಕ ಮಾರುವುದಿಲ್ಲ’ ಎಂದರೆ ಅದನ್ನು ತಳ್ಳಿಹಾಕಬೇಡಿ. ಹೇಳಿಕೆಯನ್ನು ಷೆಡ್ಯೂಲ್ ಸಮೇತ ಆದೇಶದಲ್ಲಿ ದಾಖಲಿಸಿಕೊಳ್ಳಲು ಕೇಳಿ, ‘15 ದಿನದ ನೋಟಿಸ್ ಇಲ್ಲದೆ’ ಎಂದು ಸೇರಿಸಿ. ತಾನೇ ಕೊಟ್ಟ ಮಾತಿನ ವಿರುದ್ಧ ಮೇಲ್ಮನವಿ ಹೋಗುವುದು ಕಷ್ಟ, ಮುರಿದರೆ ಕಲಂ 425ರ ನಿಂದನೆ ಅಧಿಕಾರ ಇದ್ದೇ ಇದೆ.

---

ಋಣಭಾರ

ಆದೇಶ ಸಿಕ್ಕ ಮೇಲಿನ ಕೆಲಸಕ್ಕೆ ಯಾರೂ ಬಂದಿಲ್ಲ, ಅಲ್ಲಿಯೇ ಜಮೀನು ಕೈಬಿಡುವುದು. ಉಪನೋಂದಣಾಧಿಕಾರಿ ನಿಮ್ಮ ಪಿಟಿಷನ್ನಿನ ಪಕ್ಷಗಾರರಲ್ಲ. ಆದೇಶದ ದೃಢೀಕೃತ ಪ್ರತಿ ಕೈಸೇರದಿದ್ದರೆ ಕ್ರಯಪತ್ರ ನೋಂದಾಯಿಸಿಬಿಡುತ್ತಾರೆ, ಅವರನ್ನು ದೂರಿ ಫಲವಿಲ್ಲ. ಈಗ ಕರ್ನಾಟಕದಲ್ಲಿ ಜಿಲ್ಲೆಯ ಯಾವುದೇ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಬಹುದಾದ್ದರಿಂದ ಒಂದೇ ಕಚೇರಿಗೆ ಪ್ರತಿ ಕೊಟ್ಟು ಮನೆಗೆ ಹೋದರೆ ಪಕ್ಕದ ತಾಲ್ಲೂಕಿನಲ್ಲಿ ಕೆಲಸ ಮುಗಿದಿರುತ್ತದೆ. ಜಿಲ್ಲಾ ನೋಂದಣಾಧಿಕಾರಿಗೂ ಕೊಡಿ, ಎಲ್ಲ ಉಪನೋಂದಣಿ ಕಚೇರಿಗಳಿಗೆ ತಿಳಿಸುವಂತೆ ಲಿಖಿತವಾಗಿ ಕೋರಿ, ಸ್ವೀಕೃತಿ ಮುದ್ರೆ ಪಡೆಯಿರಿ. ಇನ್ನೂ ಒಳ್ಳೆಯದು, ಆ ಅಧಿಕಾರಿಗಳಿಗೆ ತಿಳಿಸಬೇಕು ಎಂಬ ಸಾಲನ್ನೇ ಆದೇಶದಲ್ಲಿ ಬರೆಸುವುದು. ಆರ್‌ಟಿಸಿ ಇರುವ ಜಮೀನಾದರೆ ತಹಸೀಲ್ದಾರರಿಗೆ ಅರ್ಜಿ ಕೊಟ್ಟು ಪಹಣಿಯ ಹಕ್ಕು-ಋಣಗಳ ಕಾಲಂನಲ್ಲಿ ಆದೇಶ ನಮೂದಿಸಲು ಕೇಳಿ.

ಷೆಡ್ಯೂಲ್ ಒಂದು ಅಕ್ಷರ ತಪ್ಪಿದರೂ ಕೆಲಸ ಕೆಡುತ್ತದೆ. ಸರ್ವೆ ನಂಬರ್ 112/2 ಎಂದು ಹಾಕಿ, ಪೋಡಿಯಾಗಿ (ಸರ್ವೆ ನಂಬರ್ ವಿಭಜನೆಯಾಗಿ) ಅದು 112/2ಎ ಮತ್ತು 112/2ಬಿ ಆಗಿದ್ದರೆ ಕಚೇರಿಯಲ್ಲಿ ‘ಇದು ಆ ಜಮೀನಲ್ಲ’ ಎನ್ನುತ್ತಾರೆ. ಅರ್ಜಿ ಟೈಪ್ ಮಾಡುವ ಮುನ್ನ ಹೊಸ ಪಹಣಿ ಮತ್ತು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಿಂದ ಋಣಭಾರ ಪ್ರಮಾಣಪತ್ರ (ಇಸಿ) ತೆಗೆಸಿ. ಇಸಿಯಲ್ಲಿ ನೋಂದಾಯಿತ ದಾಖಲೆ ಮಾತ್ರ ಕಾಣುತ್ತದೆ. ನೋಂದಣಿಯಾಗದ ಕರಾರು, ಜಿಪಿಎ ಅದರಲ್ಲಿ ಬರುವುದಿಲ್ಲ. ಇಸಿ ಖಾಲಿ ಇದೆ ಎಂದು ನೆಮ್ಮದಿಯಾಗಬೇಡಿ.

ಕೊಳ್ಳುವ ಫರ್ಮನ್ನು ಮೊದಲ ದಿನದಿಂದಲೇ ಪ್ರತಿವಾದಿ ಮಾಡಿ, ಆದೇಶವನ್ನು ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಮುಟ್ಟಿಸಿ. ‘ಗೊತ್ತಿರಲಿಲ್ಲ, ಪ್ರಾಮಾಣಿಕ ಖರೀದಿದಾರ’ ಎಂಬ ಬಾಗಿಲು ಮುಚ್ಚುವುದೇ ಇದರ ಉದ್ದೇಶ. ವ್ಯಾಜ್ಯ ಬಾಕಿ ಇರುವಾಗಿನ ಮಾರಾಟದ ಬಗೆಗಿನ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 52 ಕಾಪಾಡುತ್ತದೆ ಎಂದು ಕೂರಬೇಡಿ. ಜಮೀನಿನ ಹಕ್ಕೇ ನೇರ ಪ್ರಶ್ನೆಯಲ್ಲಿರುವ ವ್ಯಾಜ್ಯಕ್ಕೆ ಅದು, ನಿಮ್ಮದು ಕಂಪನಿಯ ಆಡಳಿತದ ವ್ಯಾಜ್ಯ ಎಂದು ಅವರು ಹೇಳುತ್ತಾರೆ. ಕಂಪನಿಯ ಕಾರ್ಖಾನೆ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ನಿವೇಶನದಲ್ಲಿದ್ದು ಇನ್ನೂ ಲೀಸ್-ಕಮ್-ಸೇಲ್ (ಮೊದಲು ಗುತ್ತಿಗೆ, ಆಮೇಲೆ ಮಾರಾಟ) ಹಂತದಲ್ಲಿದ್ದರೆ ಮಂಡಳಿಗೂ ಒಂದು ಪ್ರತಿ. ಅವರ ಅನುಮತಿ ಇಲ್ಲದೆ ಆ ಹಂತದಲ್ಲಿ ವರ್ಗಾವಣೆ ಆಗದು. ಷೇರುಗಳು ಡಿಮ್ಯಾಟ್ ಆಗಿದ್ದರೆ ಡಿಪಾಸಿಟರಿ ಮತ್ತು ಆರ್‌ಟಿಎಗೆ (ಷೇರು ವರ್ಗಾವಣೆ ಏಜೆಂಟ್) ಷೇರಿನ ಐಎಸ್ಐಎನ್ ಗುರುತು ಸಂಖ್ಯೆ ಬರೆದು ಕಳಿಸಿ.

---

ಲೆಕ್ಕಪತ್ರ_ಧಾರವಾಡ

ಎಲ್ಲರಿಗೂ ಧನ್ಯವಾದ. ಪಹಣಿ ತೆಗೆಸಿದೆ, ಪೋಡಿ ಆಗಿದೆ, ನಮ್ಮ ಡ್ರಾಫ್ಟಿನಲ್ಲಿ ಹಳೆಯ ನಂಬರೇ ಇತ್ತು. ಒಂದೇ ಸಂದೇಹ. ಜಮೀನು ಮಾರುವುದು ಕಂಪನಿಗೆ ನಿಜಕ್ಕೂ ಲಾಭ, ಸಾಲ ತೀರುತ್ತದೆ ಎಂದು ಅವರು ವಾದಿಸಿದರೆ?

---

ತಾಳೆಪಟ್ಟಿ

ಆಗ ಮಾರಾಟಕ್ಕೆ ಅಡ್ಡ ನಿಲ್ಲಬೇಡಿ, ಬೆಲೆ ಮತ್ತು ದುಡ್ಡಿಗೆ ಅಡ್ಡ ನಿಲ್ಲಿ. ಇಬ್ಬರೂ ಒಪ್ಪುವ ಅಥವಾ ಪೀಠ ಹೆಸರಿಸುವ ನೋಂದಾಯಿತ ಮೌಲ್ಯಮಾಪಕರ ಬೆಲೆಗಿಂತ ಕೆಳಗೆ ಇಲ್ಲ, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಆಫರ್ ಕರೆಯಬೇಕು, ಬಂದ ಹಣದಲ್ಲಿ ಮೊದಲು ಬ್ಯಾಂಕಿನ ಬಾಕಿ ನೇರವಾಗಿ ಬ್ಯಾಂಕಿಗೆ, ಉಳಿದದ್ದು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ, ಪೀಠದ ಅನುಮತಿ ಇಲ್ಲದೆ ಮುರಿಯುವಂತಿಲ್ಲ. ಇದನ್ನು ಪರ್ಯಾಯ ಪ್ರಾರ್ಥನೆಯಾಗಿ ಈಗಲೇ ಹಾಕಿ. ಭಾವಮೈದನ ಫರ್ಮ್ ಆ ಬೆಲೆಗೆ ಕೊಂಡರೆ ಕೊಳ್ಳಲಿ.

---

ಪೀಠದ_ಹೊರಗೆ

ಮೇಲಿನದಕ್ಕೆ ಒಂದು ಸೇರ್ಪಡೆ. ಆದೇಶ ನಿಮ್ಮ ಪರ ಬಂದ ದಿನವೇ ಚೆನ್ನೈ ಎನ್‌ಸಿಎಲ್‌ಎಟಿಯಲ್ಲಿ ಕೇವಿಯಟ್ ಹಾಕಿಸಿ. ಬೆಂಗಳೂರು ಪೀಠದ ಮೇಲ್ಮನವಿ ಹೋಗುವುದು ಅಲ್ಲಿಗೆ. ಆದೇಶದ ಪ್ರತಿ ಸಿಕ್ಕ ದಿನದಿಂದ 45 ದಿನ, ಕಾರಣ ತೋರಿಸಿದರೆ ಇನ್ನು 45. ಆದರೆ ಜಮೀನಿನ ಗಿರಾಕಿ ಕಾಯುತ್ತಿರುವಾಗ ಅವರು 45 ದಿನ ಕಾಯುವುದಿಲ್ಲ, ಮೊದಲ ವಾರದಲ್ಲೇ ಅಲ್ಲಿರುತ್ತಾರೆ.